ಮಾತು ಬಿಟ್ಟು ಹಾಡು ಹಿಡಿದ ಯಕ್ಷಗಾನ

ಬ್ಯಾಲೆ ಎಂದೊಡನೆ ಹಲವರಿಗೆ ನೆನಪಾಗುವುದು ‘ಸ್ವಾನ್ ಲೇಕ್’. 1877ರಲ್ಲಿ ಮಾಸ್ಕೋದ ರಂಗಕ್ಕೆ ಬಂದ ಆ ಕೃತಿಯಲ್ಲಿ ಮಾತಿಗೆ ಜಾಗವಿಲ್ಲ; ಚೈಕೋವ್‌ಸ್ಕಿಯ ಸಂಗೀತವೂ ಕುಣಿತವೂ ಸೇರಿ ಕಥೆ ನಡೆಸುತ್ತವೆ. ಬೆಳಗಿನವರೆಗೆ ಅರ್ಥಗಾರಿಕೆಯ ಮಾತು ಹರಿಯುವ ಯಕ್ಷಗಾನದಲ್ಲಿ ಇದು ಆದೀತೇ? ಮಾಡಿ ತೋರಿಸಿದವರು ಕೋಟ ಶಿವರಾಮ ಕಾರಂತರು.

ಅವರು ಇದಕ್ಕೆ ಇಳಿದದ್ದು ಅಧ್ಯಯನದ ದಾರಿಯಿಂದ. ಹಳೆಯ ಭಾಗವತರನ್ನು, ವೇಷಧಾರಿಗಳನ್ನು ಹುಡುಕಿ, ಮರೆಯಾಗುತ್ತಿದ್ದ ರಾಗ ಮತ್ತು ಹೆಜ್ಜೆಗಳನ್ನು ಕಲೆಹಾಕಿದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮಾತು ಬೆಳೆದು ಹಾಡನ್ನೂ ಕುಣಿತವನ್ನೂ ಮೂಲೆಗೆ ತಳ್ಳಿದೆ ಎಂಬುದು ಅವರ ಕೊರಗು. ಹಾಗಾಗಿ ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನೇ ಕೈಬಿಟ್ಟರು. ಇಡೀ ರಾತ್ರಿಯ ಆಟ ಎರಡು, ಎರಡೂವರೆ ಗಂಟೆಗೆ ಇಳಿಯಿತು. ‘ಅಭಿಮನ್ಯು ಕಾಳಗ’, ‘ಭೀಷ್ಮ ವಿಜಯ’, ‘ಪಂಚವಟಿ’ಯಂಥ ಪ್ರಸಂಗಗಳು ಕನ್ನಡ ಬಾರದವರಿಗೂ ತಿಳಿಯುವಂತಾದವು.

ಈ ಪ್ರಯೋಗದ ಜೀವಾಳ ಸಂಗೀತ. ಚಂಡೆ, ಮದ್ದಳೆ, ತಾಳಗಳು ಹಾಗೆಯೇ ಉಳಿದವು. ಜೊತೆಗೆ ಪಿಟೀಲು ಮತ್ತು ಸ್ಯಾಕ್ಸೊಫೋನ್ ಬಂದವು. ಪದ ಮುಗಿದು ಕುಣಿತ ಮುಂದುವರಿಯುವಾಗಲೂ ರಾಗದ ಎಳೆ ಕಡಿಯಲಿಲ್ಲ. ಮಾತಿಲ್ಲದ ರಂಗದಲ್ಲಿ ದುಃಖ, ರೋಷ, ಶೃಂಗಾರಗಳನ್ನು ಹೊರಬೇಕಾದದ್ದು ಆ ರಾಗವೇ.

ಆಕ್ಷೇಪ ಬಾರದೆ ಇರಲಿಲ್ಲ. ಮಾತಿಲ್ಲದ ಮೇಲೆ ಅದೆಂಥ ಯಕ್ಷಗಾನ ಎಂದವರ ಪ್ರಶ್ನೆಯಲ್ಲಿ ಹುರುಳಿದೆ. ಆಶುವಾಗಿ ಅರ್ಥ ಹೇಳುವ ಜಾಣ್ಮೆ ದೊಡ್ಡ ವಿದ್ಯೆ. ಆದರೆ ಕಾರಂತರು ಬಯಲಾಟವನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ರಂಗ ಕಟ್ಟಿದರು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಏರುಮದ್ದಳೆಗೆ ಹೆಸರಾದ ಹಿರಿಯಡಕ ಗೋಪಾಲ ರಾವ್ ಅಲ್ಲಿ ಗುರುಗಳಾದರು. ಕಾರಂತರ ತಂಡದಲ್ಲಿ ಕುಣಿದ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಅದೇ ಕೇಂದ್ರದಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸಿದರು.

ವಿಜಯಪುರ, ದೇವನಹಳ್ಳಿ ಕಡೆಯ ಓದುಗರಿಗೆ ಒಂದು ಮಾತು. ಕಾರಂತರ ಸ್ಯಾಕ್ಸೊಫೋನಿನಂತೆ ಪದದ ಜೊತೆ ಊದುವಾದ್ಯ ನುಡಿಸುವುದು ಬಯಲುಸೀಮೆಗೆ ಹೊಸದಲ್ಲ. ಇಲ್ಲಿನ ಯಕ್ಷಗಾನವಾದ ನಮ್ಮ ಮೂಡಲಪಾಯದಲ್ಲಿ ಭಾಗವತರ ಪದಕ್ಕೆ ಮುಖವೀಣೆ ಎಂಬ ಊದುವಾದ್ಯ ದನಿಗೂಡಿಸುತ್ತಲೇ ಬಂದಿದೆ. ಅದನ್ನು ನುಡಿಸಬಲ್ಲವರು ಈಗ ವಿರಳ. ಕಾರಂತರು ಕರಾವಳಿಯ ಪಡುವಲಪಾಯದ ರಾಗಗಳ ಬೆನ್ನು ಹತ್ತಿದಂತೆ, ನಿಮ್ಮೂರಲ್ಲಿ ಮೂಡಲಪಾಯ ಬಲ್ಲ ಹಿರಿಯರಿದ್ದರೆ ಅವರ ಪದಗಳನ್ನು ಈ ವರ್ಷವೇ ಧ್ವನಿಮುದ್ರಿಸಿಡಿ.