ಮನೆ ಅಡವಿಟ್ಟು ಸಿನಿಮಾ ಮಾಡಿಸಿದ ಗಿಟಾರ್ ವಾದಕ

ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಎಂದರೆ ನಮ್ಮಲ್ಲಿ ಅನೇಕರಿಗೆ ಗಿಟಾರು ನೆನಪಾಗುತ್ತದೆ. ಪಂಡಿತ್ ರವಿಶಂಕರರಿಂದ ಸಿತಾರ್ ಕಲಿತವರು, 1971ರಲ್ಲಿ ಅವರೊಡನೆ ಸೇರಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಸಂಗೀತ ಕಾರ್ಯಕ್ರಮ ನಡೆಸಿದವರು ಎಂಬುದೂ ಗೊತ್ತು. ಆದರೆ ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ವತಂತ್ರ ಸಿನಿಮಾ ನಿರ್ಮಾಪಕರಾಗಿದ್ದರು ಎಂಬುದನ್ನು ಕೇಳಿದವರು ಕಡಿಮೆ.

ಕಥೆ ಶುರುವಾಗುವುದು 1978ರಲ್ಲಿ. ಇಂಗ್ಲೆಂಡಿನ ಮಾಂಟಿ ಪೈಥಾನ್ ಹಾಸ್ಯ ತಂಡ ‘ಲೈಫ್ ಆಫ್ ಬ್ರಿಯಾನ್’ ಚಿತ್ರಕ್ಕೆ ಟ್ಯುನೀಷಿಯಾದಲ್ಲಿ ಚಿತ್ರೀಕರಣದ ಸಿದ್ಧತೆ ನಡೆಸಿತ್ತು. ಹಣ ಹಾಕಬೇಕಿದ್ದ ಇಎಂಐ ಸಂಸ್ಥೆ, ಧರ್ಮದ ವಿಷಯದಲ್ಲಿ ಗಲಾಟೆಯಾದೀತೆಂದು ಕೊನೆಗಳಿಗೆಯಲ್ಲಿ ಕೈಬಿಟ್ಟಿತು. ತಂಡದ ಎರಿಕ್ ಐಡಲ್ ತಮ್ಮ ಗೆಳೆಯ ಹ್ಯಾರಿಸನ್ನರ ಬಳಿ ಹೋದರು. ಹ್ಯಾರಿಸನ್ ತಮ್ಮ ವ್ಯವಹಾರ ನೋಡಿಕೊಳ್ಳುತ್ತಿದ್ದ ಡೆನಿಸ್ ಒಬ್ರಿಯನ್ ಜೊತೆ ಸೇರಿ ‘ಹ್ಯಾಂಡ್‌ಮೇಡ್ ಫಿಲ್ಮ್ಸ್’ ಕಟ್ಟಿದರು. ಹಣಕ್ಕಾಗಿ ತಾವು ವಾಸವಿದ್ದ ಫ್ರಯರ್ ಪಾರ್ಕ್ ಬಂಗಲೆಯನ್ನೇ ಅಡವಿಟ್ಟರು. ಕಾರಣ ಕೇಳಿದರೆ, ಆ ಸಿನಿಮಾ ನೋಡಬೇಕೆಂದು ಆಸೆಯಾಯಿತು ಎಂದರಂತೆ! ಜಗತ್ತಿನಲ್ಲೇ ಇಷ್ಟು ದುಬಾರಿ ಸಿನಿಮಾ ಟಿಕೆಟನ್ನು ಯಾರೂ ಕೊಂಡಿಲ್ಲ ಎಂದು ಆ ತಂಡದವರು ತಮಾಷೆ ಮಾಡುತ್ತಿದ್ದರು.

ಮನೆ ಅಡವಿಡುವುದು ಎಂದರೇನೆಂದು ಗಲ್ಫ್‌ಗೆ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವೀಸಾಕ್ಕೆಂದು, ತಂಗಿಯ ಮದುವೆಗೆಂದು ಊರಿನ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟೋ ಮಂದಿ. ಹ್ಯಾರಿಸನ್ ಶ್ರೀಮಂತರು, ನಿಜ. ಆದರೂ ಸ್ವಂತ ಸೂರನ್ನು ಗೆಳೆಯರ ಕನಸಿಗೆ ಒತ್ತೆಯಿಡಲು ಶ್ರೀಮಂತಿಕೆಯೊಂದೇ ಸಾಲದು.

1979ರಲ್ಲಿ ಚಿತ್ರ ತೆರೆಕಂಡಿತು. ಐರ್ಲೆಂಡ್, ನಾರ್ವೆಗಳಲ್ಲಿ ನಿಷೇಧವಾಯಿತು. ಬ್ರಿಟನ್ ಮತ್ತು ಅಮೆರಿಕದಲ್ಲಿ ಜನ ಮುಗಿಬಿದ್ದು ನೋಡಿದರು. 1981ರ ‘ಟೈಮ್ ಬ್ಯಾಂಡಿಟ್ಸ್’ ಸುಮಾರು 50 ಲಕ್ಷ ಡಾಲರಿನಲ್ಲಿ ತಯಾರಾಗಿ ಅಮೆರಿಕ ಒಂದರಲ್ಲೇ 4 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 1986ರ ‘ಮೋನಾ ಲೀಸಾ’ ಚಿತ್ರಕ್ಕಾಗಿ ಬಾಬ್ ಹಾಸ್ಕಿನ್ಸ್ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರಾದರು. ದೊಡ್ಡ ಕಂಪನಿಗಳು ಮುಟ್ಟಲು ಹೆದರಿದ ಕಥೆಗಳಿಗೆ ಹ್ಯಾಂಡ್‌ಮೇಡ್ ಆಸರೆಯಾಯಿತು.

ಆಮೇಲೆ ಇಳಿಗಾಲ. ಮಡೋನಾ ನಟಿಸಿದ್ದ ‘ಶಾಂಘೈ ಸರ್‌ಪ್ರೈಸ್’ ಮಕಾಡೆ ಮಲಗಿತು. ಸಾಲ ಬೆಳೆಯಿತು, 1994ರಲ್ಲಿ ಸಂಸ್ಥೆ ಮಾರಾಟವಾಯಿತು. ಸಾಲಕ್ಕೆಲ್ಲ ತಾವೊಬ್ಬರೇ ಜಾಮೀನಾಗಿ ಉಳಿದೆವೆಂದು ದೂರಿ ಹ್ಯಾರಿಸನ್ ಪಾಲುದಾರನ ಮೇಲೆ ದಾವೆ ಹೂಡಿದರು. 1996ರಲ್ಲಿ ಅಮೆರಿಕದ ನ್ಯಾಯಾಲಯ ಅವರಿಗೆ 1 ಕೋಟಿ 16 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಪಾಲುದಾರ ದಿವಾಳಿ ಅರ್ಜಿ ಹಾಕಿದರು.

ಆಸ್ಪತ್ರೆಯ ಫಾರ್ಮಸಿಯಲ್ಲಿ ಒಬ್ಬರು ತೆಗೆದಿಟ್ಟ ಔಷಧವನ್ನು ಇನ್ನೊಬ್ಬರು ವೈದ್ಯರ ಚೀಟಿಯೊಡನೆ ತಾಳೆ ನೋಡುತ್ತಾರೆ. ಆಮೇಲೆಯೇ ನಾವು ಅದನ್ನು ವಾರ್ಡಿಗೆ ಕಳಿಸುವುದು. ಇಪ್ಪತ್ತು ವರ್ಷ ಜೊತೆಗಿದ್ದವರ ಕೆಲಸವನ್ನೂ ಹೀಗೆಯೇ ನೋಡುತ್ತೇವೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹ್ಯಾರಿಸನ್ನರ ಲೆಕ್ಕಪತ್ರಕ್ಕೆ ಬೇಕಾಗಿದ್ದುದು ಇಂಥ ಎರಡನೆಯ ಕಣ್ಣು.

ನಮ್ಮ ಕನ್ನಡದಲ್ಲೇ ಇನ್ನೊಂದು ದಾರಿಯ ಉದಾಹರಣೆಯಿದೆ. ಪವನ್ ಕುಮಾರ್ ತಮ್ಮ ‘ಲೂಸಿಯಾ’ಕ್ಕೆ ನಿರ್ಮಾಪಕರು ಸಿಗದಿದ್ದಾಗ ನೇರವಾಗಿ ಪ್ರೇಕ್ಷಕರ ಮುಂದೆ ಹೋದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. 2013ರಲ್ಲಿ ಚಿತ್ರ ಬಂತು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು. ಇಲ್ಲಿ ಒಬ್ಬರ ಮನೆ ಪಣಕ್ಕಿರಲಿಲ್ಲ. ಹೊರೆಯನ್ನು ಹಲವರು ಹಂಚಿಕೊಂಡರು.

ನಮ್ಮ ಸಂಘದಲ್ಲೂ ವಾರವಿಡೀ ದುಡಿದು ರಜೆಯ ದಿನ ಕ್ಯಾಮೆರಾ ಹಿಡಿಯುವ ಹುಡುಗರಿದ್ದಾರೆ. ಇಂದಲ್ಲ ನಾಳೆ ಅವರು ನಮ್ಮ ಬಾಗಿಲಿಗೂ ಬರುತ್ತಾರೆ. ಬರಿಗೈಲಿ ಕಳಿಸುವುದು ಬೇಡ. ಹೋದರೂ ಸಂಸಾರಕ್ಕೆ ಪೆಟ್ಟಾಗದಷ್ಟು ಹಣ ಕೊಡೋಣ, ಊರಿನ ಮನೆಪತ್ರ ಪೆಟ್ಟಿಗೆಯಲ್ಲೇ ಇರಲಿ. ಖರ್ಚಿನ ಪುಸ್ತಕವನ್ನು ತಿಂಗಳಿಗೊಮ್ಮೆ ಇಬ್ಬರು ಕೂತು ನೋಡೋಣ. ಸಿನಿಮಾ ಸಿದ್ಧವಾದ ದಿನ ಟಿಕೆಟ್ ಕೊಂಡೇ ಮುಂದಿನ ಸಾಲಿನಲ್ಲಿ ಕೂರೋಣ.