ಫರ್ಮರ್ ಉಳಿ ಅಂದ್ರೆ ‘ಗಟ್ಟಿ ಉಳಿ’ ಅಲ್ಲ: ಹೆಸರಿನಲ್ಲೇ ಇದೆ ಅದರ ಕೆಲಸ

ಚನ್ನಗಿರಿ: ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಅಣ್ಣಾ, ಮುಕ್ಕಾಲು ಇಂಚಿನ ಉಳಿ ಕೊಡು’ ಅಂದ್ರೆ ಕೈಗೆ ಬರೋದು ಫರ್ಮರ್ ಉಳಿಯೂ ಆಗಬಹುದು, ಬೆವೆಲ್ ಉಳಿಯೂ ಆಗಬಹುದು. ದೂರದಿಂದ ನೋಡಿದ್ರೆ ಎರಡೂ ಒಂದೇ ಥರ. ಆದರೆ ಒಂದರ ಮೈ ಕೊಡತಿ ಪೆಟ್ಟಿಗೆ ಅಂತಲೇ ಮಾಡಿದ್ದು, ಇನ್ನೊಂದರ ಅಂಚು ತೆಳು. ವ್ಯತ್ಯಾಸ ತಿಳೀದೆ ತಂದ್ರೆ ಉಳಿ ಬಾಯಿ ಮುಕ್ಕಾಗುತ್ತೆ, ದುಡ್ಡು ದಂಡ ಆಗುತ್ತೆ.

ಫರ್ಮರ್ ಅನ್ನೋ ಹೆಸರು ಕೇಳಿದವರು ಮೊದಲು ಅಂದುಕೊಳ್ಳೋದು ‘ಫರ್ಮ್ ಅಂದ್ರೆ ಗಟ್ಟಿ, ಹಾಗಾಗಿ ಇದು ಗಟ್ಟಿ ಉಳಿ’ ಅಂತ. ಫಾರ್ಮರ್ ಅಂದ್ರೆ ರೈತ ಅಲ್ವಾ ಅಂತ ಕೇಳೋರೂ ಉಂಟು. ಎರಡೂ ಅಲ್ಲ.

ಹೆಸರು ಬಂದದ್ದು ಎಲ್ಲಿಂದ?

ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚ್ ಭಾಷೆಯಿಂದ. ಅಲ್ಲಿ ಈ ಉಳಿಗೆ ‘ಫೆರ್ಮ್ವಾರ್’ ಅಂತಾರೆ. ಅದಕ್ಕೂ ಹಿಂದಿನ ರೂಪ ‘ಫೊರ್ಮ್ವಾರ್’. ಮೂಲ ಅರ್ಥ ‘ರೂಪ ಕೊಡುವುದು’. ಅಂದ್ರೆ ಕಟ್ಟಿಗೆಗೆ ಮೊದಲ ಆಕಾರ ಕೊಡೋ ಉಳಿ ಅಂತ.

ಲಂಡನ್ನಿನ ಮುದ್ರಕ ಜೋಸೆಫ್ ಮಾಕ್ಸನ್ 1678ರಿಂದ ಕಂತುಗಳಲ್ಲಿ ಹೊರತಂದ ‘ಮೆಕ್ಯಾನಿಕ್ ಎಕ್ಸರ್ಸೈಜಸ್’ ಪುಸ್ತಕದಲ್ಲಿ ಈ ಉಳಿಯ ಹೆಸರು ‘ಫಾರ್ಮರ್’ ಅಂತಲೇ ಇದೆ. ಆತ ಕೊಡೋ ಕಾರಣ ಬೇರೆ. ನಯಮಾಡೋ ಉಳಿಗಿಂತ ಮುಂಚೆ ಇದನ್ನು ಬಳಸ್ತಾರೆ, ಅದಕ್ಕೇ ‘ಮುಂಚಿನದು’ ಅನ್ನೋ ಅರ್ಥದಲ್ಲಿ ಈ ಹೆಸರು ಅಂತಾನೆ. ಪದದ ಮೂಲ ಹೇಗೇ ಇರಲಿ, ಕೆಲಸದ ಬಗ್ಗೆ ಎರಡೂ ವಿವರಣೆ ಒಂದೇ ಮಾತು ಹೇಳುತ್ತವೆ: ಮೊದಲು ಒರಟಾಗಿ ಕಡಿದು ರೂಪಕ್ಕೆ ತರೋದು ಇದರ ಕೆಲಸ, ಕೊನೆಯ ನಯ ಬೇರೆ ಉಳಿಯದ್ದು.

ನಮ್ಮ ಕನ್ನಡದ ‘ಉಳಿ’ ಹಳೇ ದ್ರಾವಿಡ ಪದ. ತಮಿಳು, ಮಲಯಾಳದಲ್ಲೂ ಉಳಿಯೇ. ಕಟ್ಟಿಗೆ ಮೈ ಹೆರೆಯೋ ಉಪಕರಣಕ್ಕೆ ‘ಕೀಸುಳಿ’ ಅನ್ನೋ ಹೆಸರು ಬಂದದ್ದೂ ಹೀಗೇ, ಕೀಸೋ ಉಳಿ ಕೀಸುಳಿ. ನಮ್ಮಲ್ಲೂ ಕೆಲಸವೇ ಹೆಸರು. ಹೊರಗಿನಿಂದ ಬಂದ ಕೆಲಸಗಾರರು ಉಳಿಗೆ ಹಿಂದಿಯಲ್ಲಿ ರುಖಾನಿ, ಮರಾಠಿಯಲ್ಲಿ ಪಟಾಶಿ ಅಂತ ಕೇಳಬಹುದು, ಅಂಗಡಿಯವರಿಗೆ ಗೊತ್ತಿದ್ರೆ ಒಳ್ಳೇದು.

ನಾಲ್ಕು ಉಳಿ, ನಾಲ್ಕು ಕೆಲಸ

ಫರ್ಮರ್ ಉಳಿ: ಅಲಗಿನ ಎರಡೂ ಪಕ್ಕ ನೇರ, ಮೂಲೆ ಚೌಕ. ಕೊಡತಿಯಿಂದ ಹೊಡೆದು ಸಾಮಾನ್ಯ ಕಡಿತಕ್ಕೆ ಬಳಸೋದು. ಬಾಗಿಲಿಗೆ ತಿರುಗಣೆ ಕೂರಿಸೋಕೆ, ಬೀಗಕ್ಕೆ ಜಾಗ ತೆಗೆಯೋಕೆ ಸಾಕು.

ಬೆವೆಲ್ ಉಳಿ: ಪಕ್ಕದ ಅಂಚು ಇಳಿಜಾರು. ಇಕ್ಕಟ್ಟಾದ ಮೂಲೆಗೆ ಹೋಗುತ್ತೆ. ಹಗುರ ಪೆಟ್ಟು ಸರಿ, ಭಾರಿ ಪೆಟ್ಟಿಗೆ ಅಲ್ಲ.

ಪೇರಿಂಗ್ ಉಳಿ: ಉದ್ದ, ತೆಳು. ಕೈಯಲ್ಲೇ ಒತ್ತಿ ನಯಮಾಡೋಕೆ. ಇದಕ್ಕೆ ಪೆಟ್ಟು ಹಾಕಲೇಬಾರದು.

ಮಾರ್ಟೈಸ್ ಉಳಿ: ಅಲಗು ದಪ್ಪ. ಬಾಗಿಲ ಚೌಕಟ್ಟು ಕೂಡಿಸೋಕೆ ಬೇಕಾದ ಆಳದ ತೂತು ಹೊಡೆಯೋಕೆ. ಆ ತೂತನ್ನು ಫರ್ಮರ್‌ನಲ್ಲಿ ಮೀಟಿ ಮೀಟಿ ತೆಗೆದ್ರೆ ಬಾಯಿ ಮುರಿಯೋ ಸಾಧ್ಯತೆ ಹೆಚ್ಚು.

ತರುವಾಗ, ಬಳಸುವಾಗ

ಉಳಿಯ ಅಳತೆ ಅಂದ್ರೆ ಬಾಯಿಯ ಅಗಲ. 6 ಮಿ.ಮೀ. ಹೆಚ್ಚುಕಡಿಮೆ ಕಾಲು ಇಂಚು, 12 ಅರ್ಧ, 19 ಮುಕ್ಕಾಲು, 25 ಒಂದು ಇಂಚು. ಮನೆ ಕೆಲಸಕ್ಕೆ 12 ಮತ್ತು 25ರ ಎರಡು ಫರ್ಮರ್ ಇದ್ರೆ ಬಹಳಷ್ಟು ಕೆಲಸ ಸಾಗುತ್ತೆ. ಕೊಳ್ಳುವಾಗ ಬೆನ್ನು ಸಪಾಟಾಗಿದೆಯಾ, ಅಲಗು ಹಿಡಿಗೆ ನೇರವಾಗಿ ಕೂತಿದೆಯಾ, ಹಿಡಿ ಬಿರುಕು ಬಿಟ್ಟಿದೆಯಾ ಅಂತ ನೋಡಿ.

ಕಟ್ಟಿಗೆ ಹಿಡಿಗೆ ಕಬ್ಬಿಣದ ಸುತ್ತಿಗೆ ಬೇಡ, ಹಿಡಿ ಸೀಳುತ್ತೆ. ಕೊಡತಿ ಬಳಸಿ. ಪೇಂಟ್ ಡಬ್ಬಿ ಮುಚ್ಚಳ ತೆಗೆಯೋಕೆ, ಮೊಳೆ ಮೀಟೋಕೆ ಉಳಿ ಹಿಡಿಯೋದು ಬಿಡಿ. ಎಡಗೈ ಯಾವತ್ತೂ ಉಳಿ ಬಾಯಿಯ ಮುಂದೆ ಇರಬಾರದು.

ಹರಿತ ಮಾಡುವಾಗ ಇಳಿಜಾರು ಸುಮಾರು 25 ಡಿಗ್ರಿ, ತುದಿಯಲ್ಲಿ ಸಾಣೆಕಲ್ಲಿಗೆ 30 ಡಿಗ್ರಿ. ಗ್ರೈಂಡಿಂಗ್ ಮಷಿನ್‌ಗೆ ಹಿಡಿದ್ರೆ ಆಗಾಗ ನೀರಿಗೆ ಅದ್ದಬೇಕು. ಅಂಚು ನೀಲಿ ತಿರುಗಿತು ಅಂದ್ರೆ ಅಲ್ಲಿಯ ಹದ ಹೋಯ್ತು ಅಂತಲೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ, ಆ ನೀಲಿ ಭಾಗ ಸವೆಸಿಯೇ ತೆಗೀಬೇಕು.

ಟೂಲ್‌ಕಿಟ್‌ಗೂ ಇದು ಬೇಕು

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಇದರಲ್ಲಿ ತರಬೇತಿಯ ಜೊತೆ ಉಪಕರಣಕ್ಕೆ 15,000 ರೂ.ವರೆಗೆ ನೆರವು ಇದೆ. ಅರ್ಜಿ ಹಾಕೋದು ಕಾಮನ್ ಸರ್ವಿಸ್ ಸೆಂಟರ್ ಮೂಲಕ. ಹೊನ್ನಾಳಿ, ನ್ಯಾಮತಿ, ಜಗಳೂರು, ಚನ್ನಗಿರಿ ಎಲ್ಲೇ ಇರಲಿ, ಉಪಕರಣ ಕೈಗೆ ಬಂದಾಗ ಬಡಗಿಯವರು ‘ಉಳಿ ಬಂತು’ ಅಂತ ಸುಮ್ಮನಾಗದೆ ಯಾವ ಉಳಿ ಅಂತ ನೋಡಿಕೊಳ್ಳಬೇಕು.

ಅಂಗಡಿಯವರೂ ಅಷ್ಟೇ, ‘ಎಷ್ಟು ಇಂಚು’ ಅನ್ನೋದಕ್ಕೆ ಮುಂಚೆ ‘ಯಾವ ಕೆಲಸಕ್ಕೆ’ ಅಂತ ಒಂದು ಮಾತು ಕೇಳಿದ್ರೆ ಮಾರಿದ ಉಳಿ ವಾಪಸ್ ಬರೋದು ತಪ್ಪುತ್ತೆ.