ಹದಿನೆಂಟು ಸೆಕೆಂಡುಗಳ ಕಥೆ

ಬೇನೆಯನ್ನು ತೋಡಿಕೊಳ್ಳಲು ವೈದ್ಯರ ಬಳಿಗೆ ಬಂದವನು ಮೊದಲು ಹೇಳತೊಡಗುವುದು ಒಂದು ಕಥೆಯನ್ನು: ನೋವು ಎಂದು ತೊಡಗಿತು, ಆಗ ಮನೆಯಲ್ಲಿ ಏನು ನಡೆದಿತ್ತು, ಯಾರು ಯಾವ ಮದ್ದು ಕೊಟ್ಟರು. ಅದನ್ನು ಕೊನೆಯವರೆಗೆ ಕೇಳುವ ವ್ಯವಧಾನ ಎಷ್ಟು ಮಂದಿ ವೈದ್ಯರಿಗುಂಟು?

ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ೭೪ ಭೇಟಿಗಳನ್ನು ಪರಿಶೀಲಿಸಿ ೧೯೮೪ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಿಯು ತನ್ನ ಮೊದಲ ಮಾತನ್ನು ಪೂರ್ತಿಯಾಗಿ ಹೇಳಿ ಮುಗಿಸಿದ್ದು ೧೭ ಭೇಟಿಗಳಲ್ಲಿ ಮಾತ್ರ. ೫೧ರಲ್ಲಿ ವೈದ್ಯರು ನಡುವೆ ತಡೆದಿದ್ದರು. ಅದೂ ಸರಾಸರಿ ೧೮ ಸೆಕೆಂಡುಗಳಲ್ಲಿ!

ಈ ಆತುರಕ್ಕೆ ಮದ್ದುಂಟೇ? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರೀಟಾ ಶರಾನ್ ವೈದ್ಯೆ. ಸಾಹಿತ್ಯದಲ್ಲಿಯೂ ಡಾಕ್ಟರೇಟ್ ಪಡೆದವರು. ೧೯೯೩ರಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಂದ ‘ಸಮಾಂತರ ದಾಖಲೆ’ಯನ್ನು ಬರೆಯಿಸತೊಡಗಿದರು. ನಾಡಿ, ಜ್ವರ, ರಕ್ತದೊತ್ತಡಗಳ ಲೆಕ್ಕ ಆಸ್ಪತ್ರೆಯ ದಾಖಲೆಗೆ ಸಲ್ಲುತ್ತದೆ. ಆದರೆ ಮರಣಶಯ್ಯೆಯಲ್ಲಿರುವ ವೃದ್ಧನನ್ನು ಕಂಡಾಗಲೆಲ್ಲ ತೀರಿಹೋದ ಅಜ್ಜನ ನೆನಪಾಗಿ ವಿದ್ಯಾರ್ಥಿಯ ಕಣ್ಣು ತುಂಬುವುದನ್ನು ಎಲ್ಲಿ ಬರೆಯಬೇಕು? ಅದಕ್ಕಾಗಿಯೇ ಈ ಎರಡನೆಯ ಹಾಳೆ. ಬರೆದದ್ದನ್ನು ಸಹಪಾಠಿಗಳ ಮುಂದೆ ಗಟ್ಟಿಯಾಗಿ ಓದಬೇಕು. ಕೇಳಿದವರು, ಕಾವ್ಯವನ್ನು ಬಿಡಿಸುವಂತೆ, ಅದರ ಮಾತಿನ ಮತ್ತು ಮೌನದ ಅರ್ಥವನ್ನು ಅರಸಬೇಕು. ಹೀಗೆ ಪಳಗಿದ ಕಿವಿ ರೋಗಿಯ ಮಾತಿಗೂ ಎಚ್ಚರಗೊಳ್ಳುತ್ತದೆ ಎಂಬುದು ಅವರ ನಂಬುಗೆ.

ಈ ‘ಕಥನ ವೈದ್ಯ’ಕ್ಕಾಗಿ ಕೊಲಂಬಿಯಾದಲ್ಲಿ ೨೦೦೯ರಲ್ಲಿ ಸ್ನಾತಕೋತ್ತರ ಶಿಕ್ಷಣವೇ ಆರಂಭವಾಯಿತು.

ಕಥೆ ಕೇಳಿದ ಮಾತ್ರಕ್ಕೆ ರೋಗ ವಾಸಿಯಾಗದು, ನಿಜ. ಆದರೆ ಹೇಳಲಾಗದೆ ಉಳಿದ ನೋವಿಗೆ ಮದ್ದು ಬರೆಯಬಲ್ಲ ವೈದ್ಯನೂ ಎಲ್ಲಿಯೂ ಇಲ್ಲ.